ಒಂಬತ್ತಿಂಚಿನ ಗೋಡೆ

ಮಾರ್ಚ್ 10

ಗಿರಣಿ ನಕ್ಷೆಯನ್ನು ಹೊಸದಾಗಿ ಮಾಡುತ್ತಿರುವವರಿಗೆ,

ನಮಸ್ಕಾರ. ನಿಮ್ಮ ಹೆಸರು ಗೊತ್ತಿಲ್ಲ. ನಿಮ್ಮ ಕಂಪ್ಯೂಟರ್ ಆಟದ ಡಬ್ಬಿಯ ಹಿಂದೆ ಇರುವೆಯಷ್ಟು ಅಕ್ಷರದಲ್ಲಿ ನಿಮ್ಮ ಕಚೇರಿಯ ವಿಳಾಸವಿತ್ತು, ಭೂತಗನ್ನಡಿ ಹಿಡಿದು ಓದಿದೆ. ಕಂಪ್ಯೂಟರಿನಲ್ಲೂ ಎರಡು ಸಲ ಬರೆದೆ. ಎರಡು ಸಲವೂ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಅಷ್ಟು ಬೇಗ ಓದುವ ಮನುಷ್ಯರಿಲ್ಲ. ಅದಕ್ಕೇ ಈ ಕಾಗದ.

ಕಾಗದದ ಮೊದಲಿಗೆ 'ನಾನು ಕ್ಷೇಮ' ಎಂದು ಬರೆಯಬೇಕು. ನಾನು ಆ ಮಾತನ್ನು ಬಿಟ್ಟಿದ್ದೇನೆ. ಕಾರಣ ಕೆಳಗೆ ಬರುತ್ತದೆ.

ನಾನು ಗಾರೆ ಕೆಲಸದವನು. ಮೂವತ್ತೆಂಟು ವರ್ಷ ಗೋಡೆ ಕಟ್ಟಿದ್ದೇನೆ. ಅರವತ್ತು ದಾಟಿದ ಗಾರೆಯವನಿಗೆ ಬಂದೂಕಿನ ಆಟ ಯಾಕೆ ಎಂದು ನಗಬಹುದು, ನಗಿ. ಎಂಟು ವರ್ಷದ ಹಿಂದೆ ಗೋಡೆಗೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡು ನಾಲ್ಕು ತಿಂಗಳು ಮನೆಯಲ್ಲಿ ಮಲಗಿದ್ದೆ. ಆಗ ಹೈಸ್ಕೂಲಿನಲ್ಲಿದ್ದ ನನ್ನ ಮಗಳು ಈ ಆಟ ಕಲಿಸಿದಳು. ನನಗೆ 'ಸಿಮೆಂಟು' ಎಂದು ಹೆಸರಿಟ್ಟಳು, ನಿಲ್ಲಿಸಿದ ಕಡೆಯೇ ಗಟ್ಟಿಯಾಗಿಬಿಡುತ್ತೀಯ ಎಂದು. ಅವಳದು 'ಗುಂಡುಸೂಜಿ'. ಅದು ಅವಳಮ್ಮ ಕರೆಯುತ್ತಿದ್ದ ಹೆಸರು. ಕಡ್ಡಿಯಂತಿದ್ದಳು, ಮಾತಿನಲ್ಲಿ ಚುಚ್ಚುತ್ತಿದ್ದಳು.

ಗಿರಣಿ ನಕ್ಷೆಯಲ್ಲಿ ಗಿರಣಿಯ ಅಂಗಳ ದಾಟಿ, ಹಿಂಬಾಗಿಲಿನಿಂದ ಎಡಕ್ಕೆ ತಿರುಗಿದರೆ, ಹಳೇ ಇಟ್ಟಿಗೆ ಗೋಡೆಗೂ ನೀರಿನ ತೊಟ್ಟಿಗೂ ನಡುವೆ ಇಬ್ಬರು ನಿಲ್ಲುವಷ್ಟು ಜಾಗವಿದೆ. ಮುಂದಕ್ಕೆ ದಾರಿಯಿಲ್ಲ, ಆದ್ದರಿಂದ ಯಾರೂ ಬರುವುದಿಲ್ಲ. ಆಟ ಶುರುವಾದ ಕೂಡಲೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, "ಅಪ್ಪಾ, ನೀನು ಇಲ್ಲೇ ಇರು. ಅಲ್ಲಾಡಬೇಡ. ನಾನು ಬರ್ತೀನಿ" ಅನ್ನುತ್ತಿದ್ದಳು. ಹೋಗಿ ಹತ್ತು ಜನರನ್ನು ಮಲಗಿಸಿ ಬರುತ್ತಿದ್ದಳು. ಬಂದು ಬಸ್ಕಿ ಹೊಡೆದ ಹಾಗೆ ಎರಡು ಸಲ ಕೂತು ಏಳುತ್ತಿದ್ದಳು. ನಾನೂ ಎರಡು ಸಲ ಕೂತು ಏಳುತ್ತಿದ್ದೆ. ಗೆದ್ದೆವು ಎಂದು ಅರ್ಥ.

ಆಮೇಲೆ ಅವಳು ಬೇರೆ ಊರಿಗೆ ಓದಲು ಹೋದಳು. ಅವಳ ಕೊನೆಯ ಪರೀಕ್ಷೆಯ ಹೊತ್ತಿಗೆ ನನ್ನ ಹೆಂಡತಿಯ ಕಾಯಿಲೆ ಜೋರಾಯಿತು. ಮಗಳು ದಿನಾ ಫೋನು ಮಾಡಿ "ಅಮ್ಮ ಹೇಗಿದಾಳೆ" ಎಂದು ಕೇಳುತ್ತಿದ್ದಳು. "ಚೆನ್ನಾಗಿದಾಳೆ, ನೀನು ಓದ್ಕೋ" ಅನ್ನುತ್ತಿದ್ದೆ. ಹನ್ನೊಂದು ದಿನ ಹಾಗೆ ಅಂದೆ. ಎರಡು ಪೇಪರು ಉಳಿದಿದ್ದವು, ಅವೂ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡಿದ್ದೆ. ಅವಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಇನ್ನು ನಿನ್ನ ಬಾಯಿಂದ ಒಂದು ಮಾತೂ ನಂಗೆ ಬೇಡ" ಎಂದು ಹೇಳಿ ಹೋದಳು. ಫೋನು ನಂಬರು ಬದಲಾಯಿಸಿದಳು. ಎಲ್ಲಿದ್ದಾಳೋ ಗೊತ್ತಿಲ್ಲ.

ಒಂದು ವರ್ಷ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಸುಮ್ಮನೆ ಆಟಕ್ಕೆ ಹೋದೆ. ಇದೇ ಆಟ ಒಂದೇ ಹೊತ್ತಿಗೆ ಹಲವು ಕೋಣೆಗಳಲ್ಲಿ ನಡೆಯುತ್ತದಲ್ಲ, ಅದರಲ್ಲಿ ನಾವು ಯಾವಾಗಲೂ ಹೋಗುತ್ತಿದ್ದ ಏಳನೇ ಕೋಣೆಗೆ. ತೊಟ್ಟಿಯ ಹಿಂದೆ ಗುಂಡುಸೂಜಿ ನಿಂತಿದ್ದಳು. ನನ್ನನ್ನು ಕಂಡು ಎರಡು ಸಲ ಕೂತು ಎದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಎರಡು ವರ್ಷದಿಂದ ಪ್ರತಿ ಭಾನುವಾರ ಇಪ್ಪತ್ತು ನಿಮಿಷ ಅಲ್ಲಿ ನಿಲ್ಲುತ್ತೇವೆ. ಮಾತಿಲ್ಲ ಕತೆಯಿಲ್ಲ. ಒಂದೇ ಒಂದು ಸಲ ಮನಸ್ಸು ತಡೆಯದೆ 'ಊಟ ಆಯ್ತಾ' ಎಂದು ಟೈಪು ಮಾಡಿದೆ. ತಕ್ಷಣ ಮಾಯವಾದಳು. ಹದಿಮೂರು ಭಾನುವಾರ ಬರಲಿಲ್ಲ. ಅಂದಿನಿಂದ ನಡೆಯುವ ಕೀಲಿ, ಕೂರುವ ಕೀಲಿ ಬಿಟ್ಟು ಮಿಕ್ಕ ಕೀಲಿಗಳ ಮೇಲೆ ಟವೆಲ್ಲು ಮುಚ್ಚಿ ಕೂರುತ್ತೇನೆ.

ಜೂನ್ ಒಂದಕ್ಕೆ ಹಳೇ ಆಟ ಮುಚ್ಚಿ ಹೊಸದು ತೆರೆಯುತ್ತಾರಂತೆ. ನಕ್ಷೆ ಬದಲಾಗುತ್ತದಂತೆ. ಎಲ್ಲರೂ ಹೊಸದಾಗಿ ಹೆಸರು ಹಾಕಿಸಿಕೊಳ್ಳಬೇಕಂತೆ. ನನ್ನ ಮಗಳನ್ನು ಗುರುತು ಹಿಡಿಯಲು ನನಗೆ ಆ ಜಾಗ ಬಿಟ್ಟರೆ ಬೇರೇನೂ ಇಲ್ಲ. ತೊಟ್ಟಿಯ ಹಿಂದಿನ ಜಾಗ ಒಂದನ್ನು ಹಾಗೇ ಬಿಡಿ. ಉಳಿದದ್ದನ್ನು ಏನು ಬೇಕಾದರೂ ಮಾಡಿ. ಗಿರಣಿಯ ಮೆಟ್ಟಿಲನ್ನಂತೂ ಒಡೆದೇ ಹಾಕಿ. ಹದಿನಾಲ್ಕರಲ್ಲಿ ಯಾವ ಎರಡು ಮೆಟ್ಟಿಲೂ ಒಂದೇ ಎತ್ತರ ಇಲ್ಲ. ಕಟ್ಟಿದವನು ನನ್ನ ಕೈಕೆಳಗಿದ್ದಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ.

ಇಂತಿ,
ಗಾರೆ ಮೇಸ್ತ್ರಿ


ಮಾರ್ಚ್ 21

ಮೇಸ್ತ್ರಿಗಳಿಗೆ,

ನಮಸ್ಕಾರ. ನಿಮ್ಮ ಕಾಗದ ಐದು ಮೇಜು ಸುತ್ತಿ ನನ್ನ ಕೈಗೆ ಬಂತು. ಗಿರಣಿ ನಕ್ಷೆಯನ್ನು ಹೊಸದು ಮಾಡುತ್ತಿರುವುದು ನಾನೇ. ಹಳೆಯದನ್ನು ಮಾಡಿದವರು ಕೆಲಸ ಬಿಟ್ಟು ವರ್ಷಗಳಾದವು, ಮೆಟ್ಟಿಲಿನ ಪಾಪ ಅವರದು. ಅಳತೆ ಹಿಡಿದು ನೋಡಿದೆ. ಹದಿನಾಲ್ಕೂ ಹದಿನಾಲ್ಕು ಥರ ಇವೆ! ಹತ್ತು ವರ್ಷದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಸರಿಮಾಡಿದ್ದೇನೆ.

ನಮ್ಮ ಕೆಲಸದ ರೀತಿ ಹೇಳುತ್ತೇನೆ. ಆಟಗಾರರು ಎಲ್ಲೆಲ್ಲಿ ಓಡಾಡುತ್ತಾರೆ, ಎಲ್ಲಿ ಸಾಯುತ್ತಾರೆ ಎಂಬುದನ್ನೆಲ್ಲ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಅದನ್ನು ನಕ್ಷೆಯ ಮೇಲೆ ಬಣ್ಣವಾಗಿ ಹಾಕಿ ನೋಡುತ್ತೇವೆ. ಹೀಟ್ ಮ್ಯಾಪ್ ಅನ್ನುತ್ತೇವೆ. ಜನ ತುಂಬಿದ ಕಡೆ ಕೆಂಪು, ಯಾರೂ ಹೋಗದ ಕಡೆ ನೀಲಿ. ನಿಮ್ಮ ತೊಟ್ಟಿಯ ಹಿಂದೆ ಎಲ್ಲ ಕೋಣೆಗಳಲ್ಲೂ ನೀಲಿ. ಏಳನೇ ಕೋಣೆಯಲ್ಲಿ ಮಾತ್ರ ಸಾಸಿವೆಯಷ್ಟು ಕೆಂಪು ಚುಕ್ಕೆ. ನಮ್ಮ ಮುಖ್ಯಸ್ಥರು ಅದನ್ನು ನೋಡಿ, "ಇದ್ಯಾರ್ರೀ ಇಲ್ಲಿ ನಿಂತ್ಕೊಂಡು ನಿದ್ದೆ ಮಾಡೋರು? ಮುಚ್ಚಿಬಿಡಿ ಅದನ್ನ" ಅಂದಿದ್ದರು. ಆ ನಿದ್ದೆ ಮಾಡುವವರು ಯಾರೆಂದು ಈಗ ಗೊತ್ತಾಯಿತು.

ನಿಮ್ಮ ಮಗಳ ವಿಳಾಸವನ್ನಾಗಲಿ ಹೆಸರನ್ನಾಗಲಿ ಹುಡುಕಿಕೊಡಲು ನನಗೆ ಅನುಮತಿ ಇಲ್ಲ. ಜಾಗದ ವಿಷಯ ಕೇಳಿ ನೋಡುತ್ತೇನೆ. ಮಾತು ಕೊಡಲಾರೆ.

ಬೆಳಿಗ್ಗೆ ನನ್ನಮ್ಮನ ಫೋನು ಬಂದಾಗ ಎಂದಿನ ಹಾಗೆ ಕೆಲಸವಿದೆ ಎಂದು ಇಟ್ಟುಬಿಟ್ಟಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಅದನ್ನು ನೆನೆದು ಕಸಿವಿಸಿಯಾಯಿತು.

ಇಂತಿ,
ನಕ್ಷೆಯವಳು


ಏಪ್ರಿಲ್ 7

ತಾಯೀ,

ನಕ್ಷೆ ಮಾಡುವವರು ಗಂಡಸರೇ ಇರುತ್ತಾರೆ ಎಂದುಕೊಂಡಿದ್ದೆ. ನಮ್ಮಲ್ಲಿ ಇಟ್ಟಿಗೆ ಹೊರುವವರು ಹೆಂಗಸರು, ಕಟ್ಟುವವರು ಗಂಡಸರು. ಅದೇ ಬುದ್ಧಿ. ತಪ್ಪಾಯಿತು.

ನೀವು ಕೇಳುತ್ತೇನೆ ಅಂದದ್ದೇ ದೊಡ್ಡದು. ನಿನ್ನೆ ಭಾನುವಾರ ಅವಳು ಬಂದಿದ್ದಳು. ಯಾರೋ ದಾರಿ ತಪ್ಪಿ ನಮ್ಮ ಮೂಲೆಗೆ ನುಗ್ಗಿದ. ನಾನು ಬಂದೂಕು ಎತ್ತುವಷ್ಟರಲ್ಲಿ ಅವಳು ನನ್ನ ಮುಂದೆ ಬಂದು ನಿಂತು ಅವನನ್ನು ಹೊಡೆದಳು. ಹೊಡೆದು ನನ್ನ ಕಡೆ ತಿರುಗಿ ಒಂದು ನಿಮಿಷ ಹಾಗೇ ನಿಂತಿದ್ದಳು. ಆಟದ ಮುಖದಲ್ಲಿ ಏನೂ ಕಾಣುವುದಿಲ್ಲ, ಎಲ್ಲರಿಗೂ ಒಂದೇ ಮುಖ. ಆದರೂ ನೋಡಿದೆ.

ಮುಖ್ಯಸ್ಥರಿಗೆ ಹೇಳಿ, ನಾವು ನಿದ್ದೆ ಮಾಡುವುದಿಲ್ಲ ಎಂದು.

ಇಂತಿ,
ಗಾರೆ ಮೇಸ್ತ್ರಿ


ಮೇ 6

ಮೇಸ್ತ್ರಿಗಳಿಗೆ,

ಅರ್ಧ ಗೆದ್ದೆ, ಅರ್ಧ ಸೋತೆ.

ಗಿರಣಿಯ ಮಹಡಿಯಿಂದ ತೊಟ್ಟಿಯಾಚೆಯ ಬೇಕರಿಗೆ ನೇರ ಗುಂಡು ಹಾರಿಸಬಹುದಿತ್ತು ನೋಡಿ, ಅದನ್ನು ತಡೆಯಲು ನಡುವೆ ಗೋಡೆ ಬೇಕೆಂದು ತೀರ್ಮಾನವಾಗಿದೆ. ಗೋಡೆಯ ಗೆರೆ ಎಳೆದರೆ ಸರಿಯಾಗಿ ನಿಮ್ಮ ಮೂಲೆಯ ಮೇಲೇ ಹಾದುಹೋಗುತ್ತದೆ. ಆ ಕಡೆ ಈ ಕಡೆ ಸರಿಸಲು ಹದಿನೈದು ದಿನ ಒದ್ದಾಡಿದೆ. ಆಗಲಿಲ್ಲ. ಮುಖ್ಯಸ್ಥರ ಹತ್ತಿರ ಹೋದರೆ, "ನಿಂತವರಿಗೋಸ್ಕರ ನಕ್ಷೆ ಮಾಡಕ್ಕಾಗಲ್ಲಮ್ಮ, ಓಡೋರಿಗೋಸ್ಕರ ಮಾಡೋದು" ಅಂದರು. ಕೊನೆಗೆ ತೊಟ್ಟಿಯನ್ನಾದರೂ ಉಳಿಸಲು ಒಪ್ಪಿಸಿದೆ.

ಈಗ ಹೀಗಿದೆ. ನಿಮ್ಮ ಮೂಲೆ ಎರಡಾಗಿದೆ. ಹಳೇ ಇಟ್ಟಿಗೆ ಗೋಡೆ ಗಿರಣಿಯ ಕಡೆ ಉಳಿಯಿತು, ತೊಟ್ಟಿ ಬೇಕರಿಯ ಕಡೆ ಉಳಿಯಿತು. ನಡುವೆ ಹೊಸ ಗೋಡೆ, ನಿಮ್ಮ ಭಾಷೆಯಲ್ಲಿ ಒಂಬತ್ತಿಂಚು ದಪ್ಪ. ತೊಟ್ಟಿಯ ಪಕ್ಕ ಇಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದೇನೆ. ತುಕ್ಕಿನ ಕಲೆ, ಒಡೆದ ಅಂಚು ಎಲ್ಲ ಹಾಗೇ ಇದೆ. ಅಲ್ಲಿಗೆ ಗಿರಣಿಯ ಹಿಂಬಾಗಿಲಿನಿಂದ ಬರಲಾಗುವುದಿಲ್ಲ, ಬೇಕರಿಯೊಳಗಿಂದ ಬರಬೇಕು. ಏಳನೇ ಕೋಣೆ ಹೊಸ ಆಟದಲ್ಲೂ ಇರುತ್ತದೆ.

ದಯವಿಟ್ಟು ಇದನ್ನು ನಿಮ್ಮ ಮಗಳಿಗೆ ತಿಳಿಸಿ. ಹಳೇ ಆಟಕ್ಕೆ ಇನ್ನು ಮೂರು ಭಾನುವಾರ ಇದೆ. 'ತೊಟ್ಟಿ ಪಕ್ಕ, ಬೇಕರಿಯಿಂದ ಬಾ' ಎಂದು ಟೈಪು ಮಾಡಿದರೆ ಸಾಕು. ಅವಳಿಗೆ ಸಿಟ್ಟು ಬಂದರೂ ಸರಿ, ಗೊತ್ತಿರುತ್ತದೆ.

ಇಂತಿ,
ನಕ್ಷೆಯವಳು


ಮೇ 26

ತಾಯೀ,

ನೀವು ಹೇಳಿದ ಹಾಗೆ ಮಾಡಲಿಲ್ಲ. ಬೈಯಬೇಡಿ.

ಟವೆಲ್ಲು ತೆಗೆದದ್ದು ನಿಜ. 'ತೊ' ಒತ್ತಿದ್ದೂ ನಿಜ. ಅಷ್ಟಕ್ಕೇ ಅಳಿಸಿದೆ. ಊಟ ಆಯ್ತಾ ಎಂದದ್ದಕ್ಕೆ ಹದಿಮೂರು ಭಾನುವಾರ ಹೋದವಳು, ಕೊನೇ ಭಾನುವಾರ ಇದನ್ನು ನೋಡಿ ಎದ್ದು ಹೋದರೆ? ಮಾತು ಬೇಡ ಎಂದವಳಿಗೆ ಮತ್ತೆ ಮಾತನ್ನೇ ಎಸೆದ ಹಾಗಾಗುತ್ತದೆ. ನನ್ನ ಮಾತಿಗೆ ಅವಳ ಹತ್ತಿರ ಬೆಲೆ ಇಲ್ಲ. ಇರಬಾರದು ಕೂಡ.

ಆದರೆ ಸುಮ್ಮನೆ ಕೂರಲಿಲ್ಲ. ಗೋಡೆಗೆ ಗುಂಡು ಹೊಡೆದರೆ ಹತ್ತು ಸೆಕೆಂಡು ತೂತು ಉಳಿಯುತ್ತದಲ್ಲ? ಮೂರು ಭಾನುವಾರವೂ ಹಳೇ ಇಟ್ಟಿಗೆ ಗೋಡೆಯ ಮೇಲೆ ಗುಂಡಿನಿಂದ ಚಿತ್ರ ಬರೆದೆ. ಚೌಕಾಕಾರ ಹೊಡೆದು ತೊಟ್ಟಿ ಮಾಡುತ್ತಿದ್ದೆ, ಅದರ ಪಕ್ಕ ಬೇಕರಿಯ ಕಡೆಗೆ ಬಾಣ. ಬಾಣದ ತುದಿ ಬರೆಯುವಷ್ಟರಲ್ಲಿ ತೊಟ್ಟಿ ಅಳಿಸಿಹೋಗುತ್ತಿತ್ತು. ಮತ್ತೆ ತೊಟ್ಟಿ, ಮತ್ತೆ ಬಾಣ. ಪ್ಲಾಸ್ಟರು ಒಣಗುವ ಮೊದಲು ಓಡಿ ಓಡಿ ಕೆಲಸ ಮಾಡಿದ್ದೇನೆ, ಆದರೆ ಇಂಥ ಗೋಡೆ ಕಂಡಿರಲಿಲ್ಲ. ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

ನಿನ್ನೆ, ಕೊನೇ ಭಾನುವಾರ, ನನ್ನದು ಮುಗಿದ ಮೇಲೆ ಅವಳು ಬಂದೂಕು ಎತ್ತಿದಳು. ಅದೇ ಗೋಡೆಯ ಬುಡಕ್ಕೆ, ನಾವು ನಿಲ್ಲುವ ಕಡೆ, ಮೂರು ಗುಂಡು ಹೊಡೆದಳು. ಒತ್ತೊತ್ತಾಗಿ, ಒಂದೇ ಜಾಗಕ್ಕೆ. ಆಮೇಲೆ ಎರಡು ಸಲ ಕೂತು ಎದ್ದಳು.

ಆಯ್ತು, ಗೊತ್ತಾಯ್ತು ಅಂದಳು ತಾಯೀ. ಮೂರು ಗುಂಡು, ಮೂರು ಸಲ ಆಯ್ತು ಎಂದ ಹಾಗೆ. ಮೊದಲಿನಿಂದಲೂ ಚುರುಕು ಅವಳು, ಅಮ್ಮನ ಥರ.

ಇಂತಿ,
ಗಾರೆ ಮೇಸ್ತ್ರಿ


ಜೂನ್ 30

ತಾಯೀ,

ಹೊಸ ಆಟ ತೆರೆದು ಐದು ಭಾನುವಾರವಾಯಿತು. ಐದು ಸಲವೂ ತೊಟ್ಟಿಯ ಪಕ್ಕ ಹನ್ನೊಂದರಿಂದ ನಿಂತಿದ್ದೇನೆ. ಮೆಟ್ಟಿಲು ಚೆನ್ನಾಗಿದೆ. ತೊಟ್ಟಿಯೂ ಹಳೆಯದರ ಹಾಗೇ ಇದೆ. ನಿಮ್ಮ ಗೋಡೆಯ ಕೆಲಸ ಅಚ್ಚುಕಟ್ಟು, ಒಂದು ಇಟ್ಟಿಗೆ ಹೊರಗೆ ಬಂದಿಲ್ಲ. ಅವಳು ಬಂದಿಲ್ಲ.

ನನಗೆ 'ಸಿಮೆಂಟು' ಹೆಸರೇ ಮತ್ತೆ ಸಿಕ್ಕಿತು, ಯಾರಿಗೂ ಬೇಡವಾಗಿತ್ತು ಅಂತ ಕಾಣುತ್ತದೆ. ಆಟ ಮುಗಿದ ಮೇಲೆ ಕೋಣೆಯಲ್ಲಿದ್ದವರ ಹೆಸರಿನ ಪಟ್ಟಿ ಬರುತ್ತದಲ್ಲ, ಅದನ್ನು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದುತ್ತೇನೆ. ಗುಂಡುಸೂಜಿ ಇಲ್ಲ. ಸೂಜಿ, ದಬ್ಬಳ, ಮೊಳೆ ಯಾವುದೂ ಇಲ್ಲ. ಈ ಮಕ್ಕಳು ಇಟ್ಟುಕೊಳ್ಳುವ ಹೆಸರುಗಳೋ! ಯಮನ ಅಳಿಯ ಅಂತ ಒಬ್ಬ, ಹಲ್ಲುನೋವು ಅಂತ ಒಬ್ಬ, ಊಟ ಆಯ್ತು ಅಂತ ಒಬ್ಬ, ಮೂರನೇ ಬೆಂಚು ಅಂತ ಒಬ್ಬ. ಇವರ ಅಪ್ಪ ಅಮ್ಮಂದಿರು ಅಕ್ಕರೆಯಿಂದ ಇಟ್ಟ ಹೆಸರು ಎಲ್ಲಿ ಹೋಯಿತೋ.

ಒಂದು ಕೇಳುತ್ತೇನೆ. ಸಾಸಿವೆಯಷ್ಟು ಚುಕ್ಕೆ ಕಾಣುತ್ತದೆ ಅಂದಿದ್ದಿರಲ್ಲ. ಹೊಸ ಆಟದಲ್ಲೂ ಒಮ್ಮೆ ನೋಡುತ್ತೀರಾ? ಏಳನೇ ಕೋಣೆ, ಭಾನುವಾರ, ಹನ್ನೊಂದು ಗಂಟೆ. ಎಲ್ಲಾದರೂ ಯಾರಾದರೂ ಎರಡು ಸಲ ಕೂತು ಏಳುತ್ತಿದ್ದಾರಾ ಎಂದು. ಅವಳು ಬಂದೇ ಇಲ್ಲ ಎಂದಾದರೆ ಅದನ್ನೂ ಬರೆಯಿರಿ. ಸಿಹಿ ಮಾಡಿ ಬರೆಯಬೇಡಿ.

ಇಂತಿ,
ಗಾರೆ ಮೇಸ್ತ್ರಿ


ಜುಲೈ 9

ಮೇಸ್ತ್ರಿಗಳಿಗೆ,

ನಮಸ್ಕಾರ. ಮೆಟ್ಟಿಲು ಮೆಚ್ಚಿದ್ದಕ್ಕೆ ಬಹಳ ಸಂತೋಷ. ಹೊಸ ಆಟದಲ್ಲಿ ಒಬ್ಬೊಬ್ಬರನ್ನೇ ಬೇರೆ ಮಾಡಿ ನೋಡುವ ವ್ಯವಸ್ಥೆ ಇಲ್ಲ, ಹಾಗಾಗಿ ಏನೂ ಗೊತ್ತಾಗಲಿಲ್ಲ. ಧೈರ್ಯಗೆಡಬೇಡಿ. ಇನ್ನೆರಡು ವಾರ ಎಂದಿನಂತೆ ತೊಟ್ಟಿಯ ಹತ್ತಿರವೇ ಇರಿ. ನಕ್ಷೆಯಲ್ಲಿ ಸಣ್ಣಪುಟ್ಟ ತಿದ್ದುಪಡಿಗಳಾಗುತ್ತಿವೆ. ಒಳ್ಳೆಯದಾಗಬಹುದು. ಆರೋಗ್ಯ ನೋಡಿಕೊಳ್ಳಿ.

ಇಂತಿ,
ನಕ್ಷೆಯವಳು


ಆಗಸ್ಟ್ 11

ಮೇಸ್ತ್ರಿಗಳಿಗೆ,

ಈ ಕಾಗದವನ್ನು ಕೂತುಕೊಂಡು ಓದಿ.

ಜುಲೈ ಒಂಬತ್ತಕ್ಕೆ ನಾನು ಬರೆದದ್ದು ಸುಳ್ಳು. ನೋಡುವ ವ್ಯವಸ್ಥೆ ಇದೆ. ನಿಮ್ಮ ಕಾಗದ ಬಂದ ದಿನವೇ ನೋಡಿದೆ. ತೊಟ್ಟಿಯ ಪಕ್ಕ ಒಂದು ಚುಕ್ಕೆ ಇತ್ತು, ಅದು ನೀವು. ನಾನು ಕಟ್ಟಿದ ಗೋಡೆಯ ಆಚೆ, ಗಿರಣಿಯ ಕಡೆ, ಹಳೇ ಇಟ್ಟಿಗೆ ಗೋಡೆಯ ಬುಡದಲ್ಲಿ ಇನ್ನೊಂದು ಚುಕ್ಕೆ ಇತ್ತು. ಎರಡರ ನಡುವೆ ಇದ್ದದ್ದು ನನ್ನ ಒಂಬತ್ತಿಂಚು. ಜೂನ್ ಒಂದರಿಂದ ಒಂದು ಭಾನುವಾರವನ್ನೂ ಅವಳು ತಪ್ಪಿಸಿರಲಿಲ್ಲ. ಹನ್ನೊಂದಕ್ಕೆ ಬಂದು, ಗೋಡೆಗೆ ಮುಖ ಮಾಡಿ ಎರಡು ಸಲ ಕೂತು ಎದ್ದು, ಇಪ್ಪತ್ತು ನಿಮಿಷ ನಿಂತು ಹೋಗುತ್ತಿದ್ದಳು. ನೀವು ಈ ಕಡೆ ಅದೇ ಇಪ್ಪತ್ತು ನಿಮಿಷ ನಿಂತಿದ್ದಿರಿ.

ಅವತ್ತೇ ಹೇಳಬೇಕಿತ್ತು. ಗೋಡೆ ಕಟ್ಟಿದವಳು ನಾನು, ತೊಟ್ಟಿಯ ಕಡೆ ಬನ್ನಿ ಎಂದು ನಿಮ್ಮನ್ನು ಈ ಬದಿಗೆ ಕರೆದವಳೂ ನಾನು. ಹೇಳಲು ಮುಖವಿರಲಿಲ್ಲ. ಮೊದಲು ಗೋಡೆ ತೆಗೆಸಿಬಿಡೋಣ, ಒಂದು ಭಾನುವಾರ ನೀವಿಬ್ಬರೂ ಎದುರೆದುರೇ ನಿಂತುಬಿಡಲಿ, ಆಮೇಲೆ ಹೇಳೋಣ ಎಂದುಕೊಂಡೆ. ಮುಖ್ಯಸ್ಥರು ಎರಡು ವಾರ ಅಂದಿದ್ದರು. ಎರಡು ವಾರ ಐದಾಯಿತು.

ನಾನು ಸುಳ್ಳು ಬರೆದ ಮೇಲೆ ಅವಳು ಇನ್ನೂ ಎರಡು ಸಲ ಬಂದಳು, ಹದಿಮೂರಕ್ಕೆ ಮತ್ತು ಇಪ್ಪತ್ತಕ್ಕೆ. ಒಟ್ಟು ಎಂಟು ಭಾನುವಾರ. ಜುಲೈ ಇಪ್ಪತ್ತಮೂರಕ್ಕೆ ಖಾತೆ ಮುಚ್ಚಿದ್ದಾಳೆ. ಮುಚ್ಚಿದ ಖಾತೆಯ ವಿಳಾಸ, ಫೋನು ಎಲ್ಲ ಅಳಿಸಿಹೋಗುತ್ತದೆ. ನಿಯಮ ಮುರಿದು ಹುಡುಕಿದೆ, ಏನೂ ಇಲ್ಲ. ಉಳಿದಿರುವುದು ಹೆಸರೊಂದೇ. ಅದನ್ನು ಹೊರಗೆ ಹೇಳುವ ಹಾಗಿಲ್ಲ, ಹೇಳುತ್ತಿದ್ದೇನೆ. ಅವಳು ಇಟ್ಟುಕೊಂಡ ಹೊಸ ಹೆಸರು 'ಊಟ ಆಯ್ತು'.

ಆ ಹೆಸರನ್ನು ನೀವು ನೋಡಿದ್ದೀರಿ. ನಿಮ್ಮ ಜೂನ್ ತಿಂಗಳ ಕಾಗದದಲ್ಲಿ ಬರೆದಿದ್ದೀರಿ.

ಗೋಡೆ ಹದಿನೇಳಕ್ಕೆ ಹೋಗುತ್ತದೆ. ಈಗ ಅದರಿಂದ ಯಾರಿಗೆ ಏನು ಉಪಯೋಗವೋ ಗೊತ್ತಿಲ್ಲ.

ನಕ್ಷೆಯವಳು


ಆಗಸ್ಟ್ 14

ನಕ್ಷೆಯವರಿಗೆ,

ಕಾಗದ ಈಗ ಬಂತು. ಅಂಚೆಪೆಟ್ಟಿಗೆ ತೆಗೆಯುವುದರೊಳಗೆ ಬರೆಯುತ್ತಿದ್ದೇನೆ. ಗೋಡೆ ಒಡೆಯಬೇಡಿ. ನಿಮ್ಮ ಕಚೇರಿಗೆ ಫೋನು ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳಿ ಕೊನೆಗೆ ಸಂಗೀತ ಹಾಕಿದರು.

ಅವಳು ಎಂಟು ಭಾನುವಾರ ಆ ಗೋಡೆಯ ಮುಂದೆ ನಿಂತಿದ್ದಾಳೆ. ಈಗ ಅವಳಿಗೆ ನಮ್ಮ ಜಾಗ ಎಂದರೆ ಅದೇ. ಇನ್ಯಾವತ್ತಾದರೂ, ಇನ್ಯಾವ ಹೆಸರಿನಲ್ಲಾದರೂ ಬಂದರೆ ಆ ಗೋಡೆ ಹುಡುಕಿಕೊಂಡೇ ಬರುತ್ತಾಳೆ. ಅದು ಇರಲಿ. ನಾನು ಅವಳ ಬದಿಗೆ ಹೋಗಿ ನಿಲ್ಲುತ್ತೇನೆ.

ಮೂರು ಗುಂಡಿನ ಅರ್ಥ ಈಗ ತಿಳಿಯಿತು. ನಾನು ಬೇಕರಿಯ ಕಡೆ ಬಾಣ ಬರೆದೆ, ಅವಳು ನಾವು ನಿಂತ ನೆಲದ ಹತ್ತಿರಕ್ಕೆ ಹೊಡೆದು 'ಇಲ್ಲೇ' ಅಂದಳು. ಇಲ್ಲೇ, ಇಲ್ಲೇ, ಇಲ್ಲೇ. ಮೊದಲಿನಿಂದಲೂ ಅವಳು ಹೇಳಿದ್ದು ಅದೊಂದನ್ನೇ. ನಾನು ನನಗೆ ಬೇಕಾದ ಹಾಗೆ ಓದಿಕೊಂಡೆ.

ಊಟ ಆಯ್ತಾ ಎಂದು ಕೇಳಿ ಒಂದು ವರ್ಷಕ್ಕೂ ಮೇಲಾಯಿತು. ಅವಳು ಉತ್ತರ ಕೊಡುತ್ತಾಳೆ ಎಂಬ ಯೋಚನೆಯೇ ನನಗೆ ಬರಲಿಲ್ಲ. ತಲೆಯ ಮೇಲೆ ಬರೆದುಕೊಂಡು ಬಂದು ನಿಂತಿದ್ದಳು. ನಾನು ಪಟ್ಟಿಯಲ್ಲಿ ಓದಿ ನಕ್ಕೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅದೇ ಪಟ್ಟಿಯಲ್ಲಿ ಅವಳಿಗೆ ಸಿಮೆಂಟು ಕಾಣುತ್ತಿತ್ತು. ಅಪ್ಪ ಒಳಗೇ ಇದ್ದಾನೆ, ಹನ್ನೊಂದಕ್ಕೇ ಬರುತ್ತಾನೆ, ನನ್ನ ಹತ್ತಿರ ಮಾತ್ರ ಬರುವುದಿಲ್ಲ ಎಂದು ಎಂಟು ವಾರ ಅಂದುಕೊಂಡಿರುತ್ತಾಳೆ. ನಾನು ಗೋಡೆಯ ಈಚೆಗೇ ನಿಂತಿದ್ದೆ ಎಂದು ಅವಳಿಗೆ ಯಾರು ಹೇಳುತ್ತಾರೆ?

ನಿಮ್ಮ ಮೇಲೆ ಸಿಟ್ಟು ಬಂತು. ಕಾಗದ ಹರಿಯಲು ಹೋದೆ. ಎರಡು ಪೇಪರು ಮುಗಿಯಲಿ ಅಂದವನು ನಾನು. ಎರಡು ವಾರ ಮುಗಿಯಲಿ ಅಂದವರು ನೀವು. ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ. ನಿಮ್ಮಮ್ಮ ಫೋನು ಮಾಡಿದರೆ ಎತ್ತಿ.

ಗೋಡೆ ಒಡೆಯಬೇಡಿ.

ಗಾರೆ ಮೇಸ್ತ್ರಿ


ಆಗಸ್ಟ್ 20

ಮೇಸ್ತ್ರಿಗಳಿಗೆ,

ನಿಮ್ಮ ಕಾಗದ ಇವತ್ತು ಬಂತು. ಗೋಡೆ ಹದಿನೇಳರ ಬೆಳಿಗ್ಗೆಯೇ ಹೋಯಿತು. ಗೋಡೆ ಬೇಡವೆಂದ ಮೇಲೆ ಅಲ್ಲಿ ದಾರಿಯನ್ನೇ ಮಾಡಿ ಎಂದು ಮುಖ್ಯಸ್ಥರು ಗಿರಣಿಯಿಂದ ಬೇಕರಿಗೆ ಅಗಲವಾದ ಓಣಿ ತೆರೆಸಿದರು. ಅಡ್ಡ ಬರುತ್ತದೆಂದು ತೊಟ್ಟಿಯನ್ನೂ ತೆಗೆಸಿದರು. ಮತ್ತೆ ಕಟ್ಟೋಣ ಎಂದು ಕೇಳಿದೆ. "ನೀನೇ ತಾನೇ ಒಡೀಬೇಕು ಅಂತ ಪ್ರಾಣ ತಿಂದಿದ್ದು?" ಅಂದರು.

ಕ್ಷಮಿಸಿ ಎಂದು ಬರೆಯಲೂ ನಾಚಿಕೆಯಾಗುತ್ತಿದೆ. ಹೇಗಿದ್ದೀರಿ ಎಂದು ಒಂದು ಸಾಲು ಬರೆಯಿರಿ.

ನಕ್ಷೆಯವಳು


ಸೆಪ್ಟೆಂಬರ್ 15

ತಾಯೀ,

ಓಣಿ ನೋಡಿದೆ. ಐದು ಭಾನುವಾರದಿಂದ ಅಲ್ಲೇ ನಿಲ್ಲುತ್ತಿದ್ದೇನೆ. ಹಳೇ ಇಟ್ಟಿಗೆ ಗೋಡೆಯಲ್ಲಿ ಮೂರಡಿ ಉಳಿದಿದೆ. ಅವಳು ಗುಂಡು ಹೊಡೆದ ಬುಡ ಅದರಲ್ಲೇ ಇದೆ. ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತೇನೆ.

ದಾರಿ ಚೆನ್ನಾಗಿ ಮಾಡಿದ್ದೀರಿ, ಎಲ್ಲರೂ ಅದರಲ್ಲೇ ಓಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಹದಿನೈದು ಹದಿನಾರು ಸಲ ಸಾಯುತ್ತೇನೆ. ಸತ್ತಾಗಲೆಲ್ಲ ಆಟ ನನ್ನನ್ನು ಊರಾಚೆಯ ರೈಲು ಶೆಡ್ಡಿನ ಹತ್ತಿರ ಇಳಿಸುತ್ತದೆ. ಅಲ್ಲಿಂದ ಮತ್ತೆ ನಡೆದು ಬರುತ್ತೇನೆ. ಮೆಟ್ಟಿಲು ಹತ್ತಿ ಇಳಿಯಬೇಕು. ಈಗ ಅವು ಸಮ ಇರುವುದರಿಂದ ಬೇಗ ಬರಬಹುದು. ನಿಮ್ಮ ಹೀಟ್ ಮ್ಯಾಪಿನಲ್ಲಿ ಆ ಜಾಗ ಕೆಂಪಗೆ ಉರಿಯುತ್ತಿರಬೇಕು, ಮುಖ್ಯಸ್ಥರಿಗೆ ತೋರಿಸಿ.

ಹೆಸರು ಬದಲಾಯಿಸಿಕೊಂಡೆ. ಸಿಮೆಂಟು ಅಂದರೆ ಹತ್ತಿರ ಬರದವನು ಎಂದು ಅವಳ ಮನಸ್ಸಿನಲ್ಲಿ ಕೂತಿರುತ್ತದೆ. ಈಗ ನನ್ನ ತಲೆಯ ಮೇಲೆ 'ಊಟ ಆಯ್ತಾ' ಎಂದಿದೆ. ಮಕ್ಕಳಿಗೆ ತಮಾಷೆ. ಒಬ್ಬ ಓಡುತ್ತಿದ್ದವನು ನಿಂತು 'ಆಯ್ತು ಅಂಕಲ್, ನಿಮ್ದು?' ಎಂದು ಬರೆದ. ಟವೆಲ್ಲು ತೆಗೆದು ನಾನು ಅಕ್ಷರ ಹುಡುಕುವಷ್ಟರಲ್ಲಿ ಹೊಡೆದು ಹೋದ.

ನಿನ್ನೆ ಇನ್ನೊಬ್ಬರು ಬಂದರು. ಬಂದು ನನ್ನೆದುರು ನಿಂತರು. ಹೊಡೆಯಲಿಲ್ಲ. ನಾನು ಎರಡು ಸಲ ಕೂತು ಎದ್ದೆ. ಅವರು ಒಂದು ಸಲ ಕೂತರು. ಕುರ್ಚಿಯಿಂದ ಎದ್ದೇಬಿಟ್ಟೆ ತಾಯೀ. ಅವರು ಏಳಲಿಲ್ಲ. ಗುರಿ ಹಿಡಿಯಲು ಕೂತಿದ್ದರು.

ಹೇಗಿದ್ದೀರಿ ಎಂದು ಕೇಳಿದ್ದೀರಿ. ಚೆನ್ನಾಗಿದ್ದೇನೆ ಎಂದು ಬರೆಯುವುದಿಲ್ಲ. ಅವಳು ಬರುವುದಿಲ್ಲ. ಖಾತೆ ಮುಚ್ಚಿ ಹೋದವಳು, ಬಂದರೂ ಈ ಓಣಿಯಲ್ಲಿ ನಮ್ಮ ಜಾಗ ಗುರುತು ಹಿಡಿಯುವುದಿಲ್ಲ. ಇದು ನನಗೆ ಗೊತ್ತು. ಈ ಒಂದು ವಿಷಯದಲ್ಲಿ ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿಲ್ಲ.

ಆದರೆ ನನ್ನನ್ನು ಅಲ್ಲಿ ನಿಲ್ಲಿಸಿದವಳು ಇಲ್ಲೇ ಇರು, ಅಲ್ಲಾಡಬೇಡ ಅಂದಿದ್ದಳು. ನಾನು ಒಂದು ಸಲ ಅಲ್ಲಾಡಿದೆ, ಒಂಬತ್ತಿಂಚು. ಇನ್ನು ಅಲ್ಲಾಡುವುದಿಲ್ಲ.

ಇಂತಿ,
ಗಾರೆ ಮೇಸ್ತ್ರಿ